ಕಳ್ಬಪ್ಪಿನ ಬೆಟ್ಟದಲ್ಲಿ ಗಂಗರಾಜನ ಮನೆತನದ ನಿಷಿಧಿಗಳು

ಕನ್ನಡನಾಡಿನ ಹಳ್ಳಿಗಳಲ್ಲಿ ಹಳೆಯ ಮನೆತನಗಳಿಗೆ ತಮ್ಮದೇ ಆದ ಒಂದು ತುಂಡು ಮಸಣಭೂಮಿಯಿರುವುದುಂಟು. ಶವವನ್ನು ಹೂಳುವ ಸಂಪ್ರದಾಯದ ಕುಲಗಳಲ್ಲಿ ಹೊಲದ ಒಂದು ಮೂಲೆಯಲ್ಲಿ ಹಿರಿಯರ ಗದ್ದಿಗೆಗಳು ಸಾಲಾಗಿ ನಿಂತಿರುವುವು. ವರ್ಷಕ್ಕೊಮ್ಮೆ ಮನೆಯವರು ಅಲ್ಲಿಗೆ ಹೋಗಿ ಎಡೆಯಿಟ್ಟು ಬರುವರು. ಬರೆದಿಟ್ಟ ವಂಶಾವಳಿಯಿಲ್ಲದ ಮನೆಗೆ ಆ ಸಾಲೇ ವಂಶಾವಳಿ. ಶವವನ್ನು ದಹಿಸುವ ಕುಲಗಳಿಗಾದರೋ ಇಂತಹ ನೆಲವಿರುವುದಿಲ್ಲ. ಬೂದಿಯು ಹೊಳೆಯನ್ನು ಸೇರಿದ ಮೇಲೆ ಹೆಸರು ಶ್ರಾದ್ಧದ ಸಂಕಲ್ಪದಲ್ಲಿ ಮೂರು ತಲೆಗಳವರೆಗೆ ಉಳಿದು ಅಲ್ಲಿಗೆ ನಿಲ್ಲುವುದು. ಸಾಮಾನ್ಯವಾದ ಈ ಸ್ಥಿತಿಗೆ ಒಂದು ದೊಡ್ಡ ಅಪವಾದವು ಹಾಸನದ ಸೀಮೆಯ ಶ್ರವಣಬೆಳ್ಗೊಳದಲ್ಲಿದೆ. ಅಲ್ಲಿಯ ಚಿಕ್ಕಬೆಟ್ಟದ ಮೇಲೆ, ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ, ಒಂದೇ ಗೃಹಸ್ಥಕುಲಕ್ಕೆ ಸೇರಿದ ತಾಯಿ, ಹೆಂಡತಿ, ನಾದಿನಿ, ಭಾವಮೈದುನ, ಅಣ್ಣನ ಮಗ, ಇವರೊಡನೆ ಆ ಕುಲದ ಗುರುಗಳು, ಹೀಗೆ ಹಲವರ ಮರಣಸ್ಮಾರಕಗಳು ಇಪ್ಪತ್ತು ವರ್ಷಗಳ ಅವಧಿಯಲ್ಲಿ ನೆಡಲ್ಪಟ್ಟುವು. ಆ ಕುಲವು ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನದು. ಒಂದು ಮನೆತನದ ಮಸಣವೆಂದು ಇದನ್ನು ಕರೆಯಬಹುದೇ, ಕರೆದರೆ ಯಾವ ಅರ್ಥದಲ್ಲಿ, ಎಂಬುದು ಇಲ್ಲಿ ವಿಚಾರಾರ್ಹವಾದ ವಿಷಯ.

ಚಿಕ್ಕಬೆಟ್ಟಕ್ಕೆ ಶಾಸನಗಳಲ್ಲಿ ಕಳ್ಬಪ್ಪು ಎಂದೂ ಸಂಸ್ಕೃತದಲ್ಲಿ ಕಟವಪ್ರವೆಂದೂ ಹೆಸರು. ಚಂದ್ರಗಿರಿಯೆಂಬುದು ಈಗಿನ ರೂಢಿ. ಗೊಮ್ಮಟೇಶ್ವರನಿರುವ ದೊಡ್ಡಬೆಟ್ಟಕ್ಕೆ ಇದು ಎದುರಾಗಿದೆ. ಯಾತ್ರಿಕರ ಕಣ್ಣು ಸಹಜವಾಗಿ ದೊಡ್ಡಬೆಟ್ಟದ ಕಡೆಗೆ ಹರಿಯುವುದಾದರೂ, ಬೆಳ್ಗೊಳದ ಪ್ರಾಚೀನತೆಯೆಲ್ಲವೂ ಇರುವುದು ಚಿಕ್ಕಬೆಟ್ಟದಲ್ಲಿ. ಲೂಯಿ ರೈಸರು ೧೮೮೯ರಲ್ಲಿ ಬೆಳ್ಗೊಳದ ೧೪೪ ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ೧೯೨೩ರ ಪರಿಷ್ಕರಣದಲ್ಲಿ ಆ ಸಂಖ್ಯೆಯನ್ನು ೫೦೦ಕ್ಕೆ ಏರಿಸಿದರು. ೧೯೭೩ರಲ್ಲಿ ಮೈಸೂರಿನಿಂದ ಹೊರಬಂದ ಹೊಸ ಸಂಪುಟದಲ್ಲಿ ೫೭೩ ಶಾಸನಗಳಿವೆ. ಅವುಗಳಲ್ಲಿ ೨೭೧ ಚಿಕ್ಕಬೆಟ್ಟದವೇ. ಒಂದು ಬೋಳುಬಂಡೆಯ ಗುಡ್ಡದ ಮೇಲೆ ಇಷ್ಟು ಬರಹ ಬೇರೆಲ್ಲಿಯೂ ಸುಲಭವಾಗಿ ಕಾಣಸಿಗಲಾರದು. ಈ ಬರಹದ ದೊಡ್ಡ ಪಾಲು ಸತ್ತವರನ್ನು ಕುರಿತದ್ದು.

ಇಂತಹ ಸ್ಮಾರಕಕ್ಕೆ ಶಾಸನಗಳು ಕೊಡುವ ಹೆಸರು ನಿಷಿಧಿ. ನಿಸಿದಿ, ನಿಸಿಧಿ, ನಿಷಿಧಿಗೆ, ನಿಷದ್ಯೆ, ನಿಸದ್ಯಾಲಯ ಮೊದಲಾದ ರೂಪಾಂತರಗಳೂ ಉಂಟು. ಈ ಶಬ್ದದ ಮೂಲವನ್ನು ಸರಿಯಾಗಿ ತಿಳಿಯದಿದ್ದರೆ ಕಲ್ಲಿನ ಅರ್ಥವೂ ಕೆಡುವುದರಿಂದ ಇಲ್ಲಿ ಸ್ವಲ್ಪ ನಿಲ್ಲುವುದು ಅವಶ್ಯಕ. ಧಕಾರವನ್ನು ಕಂಡು ಇದನ್ನು ನಿಷೇಧಾರ್ಥದ ಧಾತುವಿಗೆ ಎಳೆಯುವುದಕ್ಕೆ ಎಡೆಯಿದೆ. ಬಸದಿಯ ಬಾಗಿಲಲ್ಲಿ ಜೈನರು ಮೂರು ಬಾರಿ ಉಚ್ಚರಿಸುವ ‘ನಿಸ್ಸಹಿ’ ಎಂಬ ಮಾತನ್ನು, ಲೌಕಿಕವ್ಯಾಪಾರಗಳನ್ನು ಹೊರಗೆ ನಿಲ್ಲಿಸಿ ಬಂದೆನೆಂಬ ಭಾವದಲ್ಲಿ ವಿವರಿಸುವವರೂ ಉಂಟು. ಆದರೆ ಸ್ಮಾರಕವಾಚಕವಾದ ಶಬ್ದವು ‘ನಿ’ ಉಪಸರ್ಗಪೂರ್ವಕವಾದ ‘ಸದ್’ ಧಾತುವಿನಿಂದ ಬಂದುದು. ಕುಳಿತುಕೊಳ್ಳುವುದು, ನೆಲೆಸುವುದು ಎಂಬುದು ಅದರ ಅರ್ಥ. ನಿಷದ್ಯಾ ಎಂಬುದು ಸಂಸ್ಕೃತರೂಪ. ಕಳಿಂಗದ ಖಾರವೇಲನ ಹಾಥೀಗುಂಫಾ ಶಾಸನದಲ್ಲಿ ಇದರ ಪ್ರಾಕೃತರೂಪವು ಆಗಲೇ ಕಾಣಿಸಿಕೊಂಡಿದೆ. ಆದುದರಿಂದ ನಿಷಿಧಿಯೆಂದರೆ ಮೊದಲು ಮುನಿಯು ಕುಳಿತ ತಾಣ. ಆಮೇಲೆ ಕುಳಿತು ದೇಹವನ್ನು ಬಿಟ್ಟ ತಾಣ. ಕಡೆಗೆ ಹಾಗೆ ದೇಹವನ್ನು ಬಿಟ್ಟವರ ನೆನಪಿಗೆ ನೆಟ್ಟ ಕಲ್ಲು. ಶವವನ್ನು ಹೂಳುವ ಅರ್ಥವು ಈ ಮೂರರಲ್ಲಿ ಯಾವುದರಲ್ಲಿಯೂ ಇಲ್ಲ.

ಕೋಶಗಳಲ್ಲಿ ನಿಷಿಧಿಗೆ ‘ಸಮಾಧಿ’ ಎಂದು ಅರ್ಥ ಬರೆದಿರುವುದು ಗೊಂದಲವನ್ನು ಹೆಚ್ಚಿಸಿದೆ. ಶಾಸನದಲ್ಲಿ ಸಮಾಧಿಯೆಂದರೆ ಚಿತ್ತದ ಏಕಾಗ್ರತೆ, ಆ ಏಕಾಗ್ರತೆಯಿಂದ ಬಂದ ಮರಣ. ಈಗಿನ ಬಳಕೆಯಲ್ಲಿ ಸಮಾಧಿಯೆಂದರೆ ಹೂಳಿದ ಗುಳಿ, ಅದರ ಮೇಲಣ ಕಟ್ಟಡ. ಒಂದೇ ಶಬ್ದವು ಎಂಟುನೂರು ವರ್ಷಗಳಲ್ಲಿ ಮನಸ್ಸಿನಿಂದ ಮಣ್ಣಿಗೆ ಇಳಿದುಬಂದಿರುವುದನ್ನು ಗಮನಿಸದೆ, ನಿಷಿಧಿಯ ಕಲ್ಲಿನ ಕೆಳಗೆ ಅಸ್ಥಿಯೋ ನಿಧಿಯೋ ಇರಬೇಕೆಂದು ಭಾವಿಸಿದರೆ ಕಲ್ಲಿಗೇ ಅಪಾಯ. ಇದು ನಿರಾಧಾರವೆಂಬುದಕ್ಕೆ ಚಿಕ್ಕಬೆಟ್ಟದಲ್ಲಿಯೇ ಬಲವಾದ ಪ್ರಮಾಣವಿದೆ. ಪ್ರಾಕಾರದ ಬಾಗಿಲ ಬಳಿ ನಿಂತಿರುವ ಕೂಗೆಬ್ರಹ್ಮದೇವರ ಕಂಬದ ಶಾಸನವು ಗಂಗರ ಮಾರಸಿಂಹನ ಸ್ಮಾರಕ. ಆತನು ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ನೋಂತು, ಕ್ರಿ. ಶ. ೯೭೪ರ ಸುಮಾರಿನಲ್ಲಿ ದೇಹವನ್ನು ಬಿಟ್ಟನೆಂದು ಆ ಶಾಸನವೇ ಹೇಳುತ್ತದೆ. ಅರಸನು ಸತ್ತುದು ಧಾರವಾಡದ ಸೀಮೆಯ ಬಂಕಾಪುರದಲ್ಲಿ. ಕಂಬ ನಿಂತುದು ಬೆಳ್ಗೊಳದಲ್ಲಿ. ಕಲ್ಲಿದ್ದಲ್ಲಿ ದೇಹವಿರಬೇಕೆಂಬ ನಿಯಮವಿರಲಿಲ್ಲವೆಂಬುದು ಇದರಿಂದ ಸ್ಪಷ್ಟ.

ಈ ಬೆಟ್ಟದ ಅತ್ಯಂತ ಹಳೆಯ ನಿಷಿಧಿಗಳು ಏಳು ಎಂಟನೆಯ ಶತಮಾನಗಳವು. ಅವುಗಳಿಗೆ ಕಂಬವಿಲ್ಲ, ಮಂಟಪವಿಲ್ಲ. ಬಂಡೆಯ ಮೇಲೆಯೇ ಎರಡು ಮೂರು ಪಂಕ್ತಿಗಳಲ್ಲಿ ಕೊರೆದ ಬರಹಗಳು. ಚಿತ್ತೂರಿನ ಮೌನಿಗುರುಗಳ ಶಿಷ್ಯೆಯಾದ ನಾಗಮತಿಗಂತಿಯರು ಮೂರು ತಿಂಗಳು ನೋಂತು ಮುಡಿಪಿದರೆಂಬುದು ಅಂತಹದೊಂದರ ಒಟ್ಟು ಸಂಗತಿ. ಗುರುವಿನ ಹೆಸರು, ನೋಂತವರ ಹೆಸರು, ಎಷ್ಟು ದಿನ, ಇಷ್ಟೇ. ತಂದೆ ತಾಯಿಗಳ ಹೆಸರಿಲ್ಲ. ಇರಬೇಕೆಂದು ನಿರೀಕ್ಷಿಸುವುದೂ ಸಲ್ಲದು. ಮನೆಯನ್ನು ಬಿಟ್ಟು ಬಂದವರಿಗೆ ಮನೆತನವೆಲ್ಲಿಯದು? ಆ ಕಾಲದ ಕಳ್ಬಪ್ಪು ಮುನಿಗಳ ಮತ್ತು ಗಂತಿಯರ ಬೆಟ್ಟ. ಅಲ್ಲಿಯ ವಂಶವು ಗುರುಶಿಷ್ಯವಂಶ. ಗೃಹಸ್ಥರ ಹೆಸರುಗಳು ಕ್ರಮೇಣ ಬಂದುವು. ರಾಷ್ಟ್ರಕೂಟರ ಕಡೆಯ ಕುಡಿಯಾದ ನಾಲ್ಕನೆಯ ಇಂದ್ರನು ೯೮೨ರಲ್ಲಿ ಬೆಳ್ಗೊಳದಲ್ಲಿ ದೇಹತ್ಯಾಗ ಮಾಡಿದ ಸಂಗತಿಯು ಶಾಸನಸ್ಥವಾಗಿದೆ. ಆದರೆ ಅವನೂ ಒಂಟಿಯಾಗಿ ಬಂದವನು; ಅವನ ಮನೆಯವರ ಕಲ್ಲುಗಳು ಅವನ ಸುತ್ತ ನೆಲೆಗೊಳ್ಳಲಿಲ್ಲ. ಒಂದು ಕುಟುಂಬವು ಸಮಗ್ರವಾಗಿ ಈ ಬೆಟ್ಟದ ಮೇಲೆ ಕಾಣಿಸಿಕೊಳ್ಳುವುದು ಗಂಗರಾಜನ ಕಾಲದಲ್ಲಿ.

ಗಂಗರಾಜನ ವಂಶವನ್ನು ಅವನ ಶಾಸನಗಳು ವಿಶದವಾಗಿ ಹೇಳುತ್ತವೆ. ಕೌಂಡಿನ್ಯಗೋತ್ರದ ದ್ವಿಜಕುಲ, ಅಜ್ಜ ಮಾರ, ಅಜ್ಜಿ ಮಾಕಣಬ್ಬೆ, ತಂದೆ ಏಚಿರಾಜ, ಇವನಿಗೆ ಬುಧಮಿತ್ರನೆಂಬ ಹೆಸರೂ ಉಂಟು, ತಾಯಿ ಪೋಚಿಕಬ್ಬೆ. ಏಚಿರಾಜನು ಹೊಯ್ಸಳರ ನೃಪಕಾಮನ ಆಶ್ರಿತನಾಗಿದ್ದನು. ಗೋತ್ರವನ್ನು ಹೇಳಿಕೊಳ್ಳುವ ಬ್ರಾಹ್ಮಣಕುಲವೊಂದು ಜಿನಧರ್ಮದಲ್ಲಿ ನಿಷ್ಠೆಯಿಂದಿದ್ದುದು ಇಂದಿನ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಹನ್ನೆರಡನೆಯ ಶತಮಾನದ ಕನ್ನಡನಾಡಿನಲ್ಲಿ ಅದು ವಿಚಿತ್ರವಾಗಿರಲಿಲ್ಲ. ಪಂಪನ ತಂದೆಯ ದೃಷ್ಟಾಂತವು ಎಲ್ಲರಿಗೂ ವಿದಿತವಾಗಿದೆ. ಗಂಗರಾಜನ ಗುರುಗಳು ಮೂಲಸಂಘ ದೇಶಿಯಗಣ ಪುಸ್ತಕಗಚ್ಛದ ಶುಭಚಂದ್ರ ಸಿದ್ಧಾಂತದೇವರು. ಹೆಂಡತಿ ಲಕ್ಷ್ಮಿ, ಲಕ್ಷ್ಮೀಮತಿಯೆಂದೂ ಲಕ್ಕಲೆಯೆಂದೂ ಆಕೆಯ ಹೆಸರು ಬರುತ್ತದೆ. ಮಗ ಬೊಪ್ಪ. ಅಣ್ಣ ಬಮ್ಮನೂ ದಂಡನಾಯಕ. ಬಮ್ಮನ ಮಗ ಏಚನೂ ದಂಡನಾಯಕ. ಲಕ್ಷ್ಮಿಯ ತಾಯಿ ನಾಗಲೆ. ಒಡಹುಟ್ಟಿದವರು ಬೂಚಣ ಮತ್ತು ದೇಮತಿ. ಈ ಎರಡು ಮನೆಗಳ ಹೆಸರುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಣ ಕಲ್ಲುಗಳು ತಾವಾಗಿಯೇ ಸಂಬಂಧವನ್ನು ನುಡಿಯುವುವು.

ದಂಡನಾಯಕನ ಪರಾಕ್ರಮಗಳನ್ನು ಇಲ್ಲಿ ವಿಸ್ತರಿಸುವುದು ಅನಾವಶ್ಯಕ. ತಲಕಾಡಿನಲ್ಲಿ ಚೋಳರ ಅದಿಯಮನನ್ನು ಓಡಿಸಿದುದು, ಕಣ್ಣೆಗಾಲದಲ್ಲಿ ಚಾಲುಕ್ಯಸೇನೆಯ ಬೀಡನ್ನು ರಾತ್ರಿಯಲ್ಲಿ ಇರಿದುದು, ಗಂಗವಾಡಿಯ ಹಾಳುಬಿದ್ದ ಬಸದಿಗಳನ್ನು ಎತ್ತಿ ನಿಲ್ಲಿಸಿದುದು, ಗೊಮ್ಮಟದೇವರಿಗೆ ಸುತ್ತಾಲಯವನ್ನು ಕಟ್ಟಿಸಿದುದು, ಇವೆಲ್ಲವೂ ಇತಿಹಾಸಪುಸ್ತಕಗಳಲ್ಲಿ ಉಂಟು. ಪ್ರಕೃತಕ್ಕೆ ಮುಖ್ಯವಾದುದು ಒಂದೇ. ಕಣ್ಣೆಗಾಲದ ಜಯಕ್ಕೆ ಮೆಚ್ಚಿ ವಿಷ್ಣುವರ್ಧನನು ಬೇಡಿದ್ದನ್ನು ಕೊಡುವೆನೆಂದಾಗ ಗಂಗರಾಜನು ಪರಮವೆಂಬ ಹಳ್ಳಿಯನ್ನು ಬೇಡಿ, ಅದನ್ನು ತನ್ನ ತಾಯಿಯೂ ಹೆಂಡತಿಯೂ ಮಾಡಿಸಿದ ಬಸದಿಗಳಿಗೆ ದತ್ತಿಯಾಗಿ ಬಿಟ್ಟನು. ಇದು ೧೧೧೮ರ ಸಂಗತಿ. ಇದೇ ಕಾಲದಲ್ಲಿ ಚಿಕ್ಕಬೆಟ್ಟದ ಮೇಲೆ ಈ ಮನೆತನದ ಮೂರು ಬಸದಿಗಳು ಎದ್ದುವು. ಗಂಗರಾಜನು ತಾನು ಕಟ್ಟಿಸಿದುದಕ್ಕೆ, ಬಾಗಿಲಲ್ಲಿರುವ ಶಾಸನದ ದೆಸೆಯಿಂದ, ಶಾಸನಬಸದಿಯೆಂಬ ಹೆಸರು ನಿಂತಿತು. ತಾಯಿಗಾಗಿ ಕಟ್ಟಿಸಿದುದು ಕತ್ತಲೆಬಸದಿ. ಬೆಳಕಿಂಡಿಗಳಿಲ್ಲದ ಪ್ರದಕ್ಷಿಣಪಥವೇ ಆ ಹೆಸರಿಗೆ ಕಾರಣ. ಲಕ್ಷ್ಮಿಯು ಕಟ್ಟಿಸಿದುದು ಎರಡುಕಟ್ಟೆಬಸದಿ. ಮೂಡಣಿಂದಲೂ ಪಡುವಣಿಂದಲೂ ಹತ್ತಲು ಎರಡು ಸೋಪಾನಗಳಿರುವುದರಿಂದ ಹಾಗೆ ಹೆಸರಾಯಿತು. ಮೂರರಲ್ಲಿಯೂ ಆದಿನಾಥನೇ ಮೂಲನಾಯಕ. ಹೀಗೆ ಮನೆಯವರು ಮೊದಲು ದೇವರಿಗೆ ಎಡೆಮಾಡಿ, ಅನಂತರ ತಾವೂ ಅದರ ಮಗ್ಗುಲಿಗೆ ಸೇರಿದರು.

ಮೊದಲ ಕಲ್ಲುಗಳು ಬಸದಿಗಳಿಗಿಂತಲೂ ಸ್ವಲ್ಪ ಹಿಂದಿನವು. ೧೧೧೫ರಲ್ಲಿ ಮೇಘಚಂದ್ರ ತ್ರೈವಿದ್ಯದೇವರು ತೀರಿಕೊಂಡಾಗ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು ಗಂಗರಾಜನಿಂದ ಅವರ ನಿಷಿಧಿಯನ್ನು ಮಾಡಿಸಿದರು. ಅದೇ ವರ್ಷದಲ್ಲಿ ಲಕ್ಷ್ಮಿಯ ಸಹೋದರನಾದ ಬೂಚಣನು ಸತ್ತನು. ಐದು ವರ್ಷಗಳ ಮೇಲೆ, ೧೧೨೦ರಲ್ಲಿ, ದೇಮತಿ, ೧೧೨೧ರಲ್ಲಿ ಲಕ್ಷ್ಮಿ. ಈ ನಡುವೆ, ೧೧೨೦-೨೧ರಲ್ಲಿ, ತಾಯಿ ಪೋಚಿಕಬ್ಬೆ. ೧೧೨೩ರಲ್ಲಿ ಗುರುಗಳಾದ ಶುಭಚಂದ್ರರು. ಎಂಟು ವರ್ಷಗಳಲ್ಲಿ ಗಂಗರಾಜನು ಹೆಂಡತಿಯನ್ನೂ, ಆಕೆಯ ಒಡಹುಟ್ಟಿದವರಿಬ್ಬರನ್ನೂ, ಹೆತ್ತ ತಾಯಿಯನ್ನೂ, ದೀಕ್ಷಾಗುರುವನ್ನೂ ಕಳೆದುಕೊಂಡನು. ತಾಯಿಯ, ಹೆಂಡತಿಯ, ಗುರುವಿನ ನಿಷಿಧಿಗಳನ್ನು ನಿಲ್ಲಿಸಿದವನು ತಾನೆಂದು ಶಾಸನಗಳು ಅವನ ಹೆಸರನ್ನು ಎತ್ತಿ ಹೇಳುತ್ತವೆ. ರಾಜ್ಯದಲ್ಲಿ ಅವನ ಪ್ರಭಾವವು ಉಚ್ಛ್ರಾಯದಲ್ಲಿದ್ದ ವರ್ಷಗಳೂ ಇವೇ. ಜಯಶಾಸನಗಳನ್ನು ಮಾತ್ರ ಓದುವವರಿಗೆ ಈ ಇನ್ನೊಂದು ಪಕ್ಕವು ಕಾಣಿಸುವುದಿಲ್ಲ.

ಮೇಘಚಂದ್ರರ, ಬೂಚಣನ, ಲಕ್ಷ್ಮಿಯ, ದೇಮತಿಯ ಶಾಸನಗಳು ಎರಡುಕಟ್ಟೆಬಸದಿಯ ಮಗ್ಗುಲ ಮಂಟಪದ ಕಂಬಗಳ ಮೇಲೆ ಒಂದಕ್ಕೊಂದು ಸಮೀಪದಲ್ಲಿವೆ. ಎಂದರೆ ಲಕ್ಷ್ಮಿಯು ತಾನೇ ಕಟ್ಟಿಸಿದ ಬಸದಿಯ ಬಳಿಯಲ್ಲಿ ಆಕೆಯ ತೌರಿನವರ ಗುಂಪು. ಪೋಚಿಕಬ್ಬೆಯ ಮತ್ತು ಶುಭಚಂದ್ರರ ಶಾಸನಗಳು ಬೇರೊಂದು ಗುಂಪು. ತಾಯಿಗೂ ಗುರುವಿಗೂ ನೆರೆಯೆಡೆ ಸಿಕ್ಕಿರುವುದು ಆಕಸ್ಮಿಕವಾಗಿರಲಾರದು. ಸಾಮಾನ್ಯ ಮಸಣದಲ್ಲಿ ರಕ್ತಸಂಬಂಧವೊಂದೇ ನೆಲವನ್ನು ಹಂಚುವುದು. ಇಲ್ಲಿಯಾದರೋ ಗೃಹಸ್ಥಕುಲವೂ ಗುರುಕುಲವೂ ಒಂದೇ ನೆಲದಲ್ಲಿ ಹೆಣೆದುಕೊಂಡಿವೆ. ಹಳೆಯ ಬಂಡೆಬರಹಗಳಲ್ಲಿ ಗುರುಶಿಷ್ಯವಂಶ ಮಾತ್ರ ಇದ್ದಿತೆಂದು ಮೇಲೆ ಹೇಳಿದೆಯಷ್ಟೆ. ಗಂಗರಾಜನ ಮನೆಯವರು ಆ ವಂಶವನ್ನು ತಳ್ಳಿಹಾಕದೆ ತಮ್ಮ ವಂಶವನ್ನು ಅದಕ್ಕೆ ಕಸಿಮಾಡಿದರು. ಇದನ್ನು ಮನೆತನದ ಮಸಣವೆಂದು ಕರೆಯಬಹುದಾದರೆ ಈ ವಿಶಿಷ್ಟಾರ್ಥದಲ್ಲಿಯೇ: ಹೂಳಿದ ದೇಹಗಳಿಲ್ಲ, ನೆಟ್ಟ ಹೆಸರುಗಳುಂಟು, ಆ ಹೆಸರುಗಳನ್ನು ಸೇರಿಸುವ ಸೂತ್ರವು ಅರ್ಧ ಹುಟ್ಟಿನಿಂದ, ಅರ್ಧ ದೀಕ್ಷೆಯಿಂದ ಬಂದುದು.

ಈ ಮರಣಗಳೆಲ್ಲವನ್ನೂ ಶಾಸನಗಳು ಸನ್ಯಸನವಿಧಿಯಿಂದ, ಸಮಾಧಿಯಿಂದ ಆದುವೆಂದು ಹೇಳುತ್ತವೆ. ಸಲ್ಲೇಖನೆಯ ವಿಷಯವಾಗಿ ಬಹಳ ಚರ್ಚೆ ನಡೆದಿದೆ. ೨೦೧೫ರ ಆಗಸ್ಟಿನಲ್ಲಿ ರಾಜಸ್ಥಾನದ ಉಚ್ಚನ್ಯಾಯಾಲಯವು ಇದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿ ತೀರ್ಪಿತ್ತುದೂ, ಅದೇ ತಿಂಗಳಲ್ಲಿ ಸರ್ವೋಚ್ಚನ್ಯಾಯಾಲಯವು ಆ ತೀರ್ಪನ್ನು ತಡೆಹಿಡಿದುದೂ ಪತ್ರಿಕೆಗಳ ಮೂಲಕ ಎಲ್ಲರಿಗೂ ತಿಳಿದ ವಿಷಯ. ಆಚಾರ್ಯರ ಅಭಿಪ್ರಾಯವೇನೆಂಬುದನ್ನು ಇಲ್ಲಿ ಸಂಗ್ರಹಿಸಿದರೆ ಸಾಕು. ಪ್ರತೀಕಾರವಿಲ್ಲದ ಉಪಸರ್ಗ, ಬರಗಾಲ, ಮುಪ್ಪು, ರೋಗ, ಇವು ಒದಗಿದಾಗ ಧರ್ಮಾರ್ಥವಾಗಿ ದೇಹವನ್ನು ಬಿಡುವುದೇ ಸಲ್ಲೇಖನೆಯೆಂದು ಸಮಂತಭದ್ರರು ರತ್ನಕರಂಡಕದಲ್ಲಿ ಲಕ್ಷಣ ಹೇಳಿರುವರು. ತತ್ತ್ವಾರ್ಥಸೂತ್ರಕ್ಕೆ ವೃತ್ತಿಯನ್ನು ಬರೆದ ಪೂಜ್ಯಪಾದರು, ರಾಗದ್ವೇಷಗಳ ಆವೇಶದಿಂದ ತನ್ನನ್ನು ಕೊಂದುಕೊಳ್ಳುವವನಿಗೆ ಆತ್ಮಘಾತದೋಷ, ರಾಗವಿಲ್ಲದವನಿಗೆ ಅದಿಲ್ಲವೆಂದು ವಿವೇಚಿಸಿ, ಒಂದು ವರ್ತಕನ ದೃಷ್ಟಾಂತವನ್ನು ಕೊಡುವರು. ಸರಕು ತುಂಬಿದ ಮನೆಗೆ ವಿಪತ್ತು ಬಂದಾಗ ವರ್ತಕನು ಮನೆಯನ್ನು ಉಳಿಸಲು ಶಕ್ತಿಯಿದ್ದಷ್ಟು ಯತ್ನಿಸುವನು; ಆಗದಿದ್ದರೆ ಸರಕನ್ನಾದರೂ ಕಾಪಾಡುವನು. ದೇಹವು ಮನೆ, ವ್ರತಶೀಲಗಳು ಸರಕು. ಈ ನಿಯಮದಲ್ಲಿ ರೋಗಕ್ಕೆ ಎಡೆಯಿರುವುದನ್ನು ಗಮನಿಸಬೇಕು. ನಾಗಲೆಯ ಮಕ್ಕಳು ಮೂವರು ಆರು ವರ್ಷಗಳೊಳಗೆ ಒಬ್ಬರ ಹಿಂದೊಬ್ಬರು ಹೋದರೆಂದರೆ, ಮೂವರೂ ಆರೋಗ್ಯದಲ್ಲಿದ್ದು ತಿಂಗಳುಗಟ್ಟಲೆ ಉಪವಾಸಮಾಡಿದರೆಂದು ಊಹಿಸುವುದಕ್ಕಿಂತ, ಅಸಾಧ್ಯವಾದ ವ್ಯಾಧಿಯಲ್ಲಿ ಕಡೆಗಾಲಕ್ಕೆ ವ್ರತವನ್ನು ಹಿಡಿದರೆಂದು ಊಹಿಸುವುದು ಯುಕ್ತವಾಗಿ ತೋರುತ್ತದೆ. ಶಾಸನಗಳ ಸನ್ಯಸನವೆಂಬ ಮಾತಿನೊಳಗೆ ದೀರ್ಘವ್ರತವೂ ಅಡಗಬಹುದು, ಒಂದು ದಿನದ ಪ್ರತ್ಯಾಖ್ಯಾನವೂ ಅಡಗಬಹುದು. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಲೇಖಕರು ಇಲ್ಲಿ ಎಡವುತ್ತಿರುವರು.

ದೀರ್ಘವ್ರತಕ್ಕೆ ನಿಸ್ಸಂದೇಹವಾದ ಉದಾಹರಣೆಯು ಇದೇ ಬೆಟ್ಟದಲ್ಲಿದೆ. ಅದು ಗಂಗರಾಜನ ಮನೆಯದಲ್ಲ, ಅವನ ಅರಸನ ಮನೆಯದು. ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿಯು ೧೧೨೩ರಲ್ಲಿ ಸವತಿಗಂಧವಾರಣಬಸದಿಯನ್ನು ಇಲ್ಲಿ ಮಾಡಿಸಿದಳು. ಆಕೆಯ ತಂದೆ ಮಾರಸಿಂಗಯ್ಯನು ಶೈವ. ತಾಯಿ ಮಾಚಿಕಬ್ಬೆ ಜಿನಭಕ್ತೆ. ೧೧೩೧ರಲ್ಲಿ ಶಾಂತಲೆಯು ಶಿವಗಂಗೆಯಲ್ಲಿ ತೀರಿಕೊಂಡಳು. ಮಗಳು ಹೋದ ಮೇಲೆ ತಾನು ಉಳಿಯಲೊಲ್ಲದೆ ಮಾಚಿಕಬ್ಬೆಯು ಬೆಳ್ಗೊಳಕ್ಕೆ ಬಂದು, ಅರೆಮುಚ್ಚಿದ ಕಣ್ಣುಗಳಿಂದ ಪಂಚಪದಗಳನ್ನು ಜಪಿಸುತ್ತ, ಬಂಧುಗಳನ್ನು ಬೀಳ್ಕೊಂಡು, ಒಂದು ತಿಂಗಳ ಅನಶನದಿಂದ ದೇಹವನ್ನು ಬಿಟ್ಟಳೆಂದು ಶಾಸನವು ವಿವರಿಸುತ್ತದೆ. ಪ್ರಭಾಚಂದ್ರರೇ ಮೊದಲಾದ ಗುರುಗಳು ಸಾಕ್ಷಿಯಾಗಿದ್ದರು. ಸಮಂತಭದ್ರರ ಲಕ್ಷಣವು ಶೋಕಕ್ಕೆ ಎಡೆಗೊಡುವುದೇ ಎಂದು ಶಾಸ್ತ್ರಜ್ಞರು ಕೇಳಬಹುದು. ಶಾಸನಕವಿಯು ಆ ಪ್ರಶ್ನೆಯನ್ನು ಎತ್ತುವುದಿಲ್ಲ. ಮಗಳ ಮರಣವನ್ನೂ ತಾಯಿಯ ವ್ರತವನ್ನೂ ಒಂದರ ಪಕ್ಕದಲ್ಲೊಂದನ್ನಿಟ್ಟು ಅವನು ಸುಮ್ಮನಾಗಿರುವನು.

ಗಂಗರಾಜನ ತಾಯಿಯ ಶಾಸನಕ್ಕೆ ಮರಳಿದರೆ, ಪೋಚಿಕಬ್ಬೆಯು ಬೆಳ್ಗೊಳವೇ ಮೊದಲಾದ ತೀರ್ಥಗಳಲ್ಲಿ ಅನೇಕ ಚೈತ್ಯಾಲಯಗಳನ್ನು ಮಾಡಿಸಿ, ಮಹಾದಾನಗಳನ್ನು ಮಾಡಿ, ಕಡೆಗೆ ಒಂದೇ ಪಾರ್ಶ್ವದಲ್ಲಿ ಮಲಗುವ ನಿಯಮವನ್ನು ಹಿಡಿದು ಪಂಚನಮಸ್ಕಾರಗಳನ್ನು ಉಚ್ಚರಿಸುತ್ತ ತೀರಿಕೊಂಡಳೆಂದು ತಿಳಿದುಬರುತ್ತದೆ. ಮುದುಕಿಯೊಬ್ಬಳ ಕಡೆಯ ದಿನಗಳ ಒಂದು ಸಣ್ಣ ವಿವರ. ಆದರೆ ಮಗ್ಗುಲು ಬದಲಿಸದಿರುವ ಕಷ್ಟವನ್ನು ಬಲ್ಲವರು ಅದನ್ನು ಸಣ್ಣದೆಂದು ಎಣಿಸರು. ಇದನ್ನು ಬರೆದವನು ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯನಾದ ಪೆರ್ಗಡೆ ಚಾವರಾಜ. ಕಂಡರಿಸಿದವನು ಹೊಯ್ಸಳಾಚಾರಿಯ ಮಗನಾದ ವರ್ಧಮಾನಾಚಾರಿ, ರೂವಾರಿಗಳ ಮುಖತಿಲಕನೆಂಬ ಬಿರುದಿನವನು. ಬರೆದವನೂ ಆ ಗುರುಪರಂಪರೆಯವನೇ ಎಂಬುದನ್ನು ನೋಡಿದರೆ, ಶಾಸನದ ಮಾತುಗಳು ಕೂಲಿಕವಿಯ ಹೊಗಳಿಕೆ ಮಾತ್ರವೆಂದು ತಳ್ಳಿಬಿಡುವುದು ಉಚಿತವಲ್ಲ. ಸತ್ತವರನ್ನು ಕಂಡು ಬಲ್ಲವರ ನಡುವೆ ಬರೆಯಲ್ಪಟ್ಟ ಮಾತುಗಳಿವು.

ಲಕ್ಷ್ಮಿಯ ಶಾಸನವು ಆಕೆಯನ್ನು ಗಂಡನ ಕಾರ್ಯದಲ್ಲಿ ನೀತಿವಧುವೆಂದೂ ರಣದಲ್ಲಿ ಜಯವಧುವೆಂದೂ ಬಣ್ಣಿಸುತ್ತದೆ. ಎರಡನೆಯದು ಅಲಂಕಾರವಾಗಿರಬಹುದು, ಮೊದಲನೆಯದು ಹಾಗಲ್ಲವೆಂದು ಹೇಳಲು ಎರಡುಕಟ್ಟೆಬಸದಿಯ ಕೆಲಸವೂ ಪರಮದ ದತ್ತಿಯೂ ಆಧಾರ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳು ಆಕೆಯ ಶಾಸನದಲ್ಲಿಯೂ ದೇಮತಿಯ ಶಾಸನದಲ್ಲಿಯೂ ಹೇಳಲ್ಪಟ್ಟಿವೆ. ಇದು ಶ್ರಾವಕಾಚಾರದ ಸಿದ್ಧಸೂತ್ರವಾದುದರಿಂದ ಇಬ್ಬರೂ ಔಷಧಶಾಲೆಗಳನ್ನು ನಡಸಿದರೆಂದು ಹೇಳಲಾಗದು. ಆದರೂ ದೇಮತಿಯ ವಿಷಯದಲ್ಲಿ ಒಂದು ಮಾತನ್ನು ಹೇಳಬೇಕು. ಆಕೆಯು ಚಾಮುಂಡನೆಂಬ ರಾಜಮಾನ್ಯನಾದ ವರ್ತಕನ ಹೆಂಡತಿ. ದಂಡನಾಯಕನ ನಾದಿನಿಯಾಗಿ, ತಂಗಿಯ ಬಸದಿಯ ಬಳಿಯಲ್ಲಿ ಒಂದು ಕಂಬದ ಮೇಲೆ ಹೆಸರನ್ನು ಪಡೆಯದಿದ್ದರೆ ಆಕೆಯೂ ಅಂದಿನ ಸಾವಿರಾರು ಸೆಟ್ಟಿತಿಯರಂತೆ ಇತಿಹಾಸಕ್ಕೆ ಇಲ್ಲದವಳಾಗುತ್ತಿದ್ದಳು. ವೀರಗಲ್ಲಿನಲ್ಲಿ ಹೆಂಗಸು ದೇವಕನ್ಯೆಯಾಗಿ ಬರುವಳು. ಮಾಸ್ತಿಕಲ್ಲಿನಲ್ಲಿ ಒಂದು ಕೈಯಾಗಿ ಬರುವಳು, ಅನೇಕವೇಳೆ ಹೆಸರೂ ಇರುವುದಿಲ್ಲ. ನಿಷಿಧಿಯ ಕಲ್ಲಿನಲ್ಲಿಯಾದರೋ ತಾಯಿಯ ಹೆಸರು, ಗುರುವಿನ ಹೆಸರು, ಮಾಡಿದ ಕೆಲಸ, ಸತ್ತ ತಿಥಿ, ಇವುಗಳೊಡನೆ ತಾನೇ ಕರ್ತೃವಾಗಿ ನಿಲ್ಲುವಳು. ಈ ದೃಷ್ಟಿಯಿಂದ ಕಳ್ಬಪ್ಪಿನ ಕಲ್ಲುಗಳಿಗೆ ಸಮನಾದ ಸಾಮಗ್ರಿಯು ಕನ್ನಡನಾಡಿನಲ್ಲಿ ವಿರಳ.

ಇಷ್ಟು ನಿಷಿಧಿಗಳನ್ನು ನೆಟ್ಟ ಗಂಗರಾಜನು ೧೧೩೩ರಲ್ಲಿ ತೀರಿಕೊಂಡನು. ಮಗ ಬೊಪ್ಪನು ತಂದೆಯ ಸ್ಮಾರಕವನ್ನು ತಾಯಿಯ ಕಂಬದ ಬಳಿಯಲ್ಲಿ ನಿಲ್ಲಿಸಲಿಲ್ಲ. ರಾಜಧಾನಿಯಾದ ದೋರಸಮುದ್ರದಲ್ಲಿ, ಇಂದಿನ ಹಳೇಬೀಡಿನಲ್ಲಿ, ಒಂದು ಜಿನಾಲಯವನ್ನೇ ಕಟ್ಟಿಸಿದನು. ಈಗ ಪಾರ್ಶ್ವನಾಥಬಸದಿಯೆಂದು ಹೆಸರಾದ ಅದಕ್ಕೆ ತಂದೆಯ ಬಿರುದನ್ನೇ ಇಟ್ಟು ದ್ರೋಹಘರಟ್ಟಜಿನಾಲಯವೆಂದು ಕರೆದನು. ದ್ರೋಹಿಗಳಿಗೆ ಬೀಸುವ ಕಲ್ಲಾದವನೆಂಬುದು ಆ ಬಿರುದಿನ ಅರ್ಥ. ಅಹಿಂಸಾಧರ್ಮದ ಆಲಯಕ್ಕೆ ಅದು ಹೇಗೆ ಒಪ್ಪಿತೋ ಬೊಪ್ಪನೇ ಬಲ್ಲ. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಿಗೆ ಒಯ್ದರು. ಶತ್ರುವಾದ ಮಸಣನನ್ನು ಗೆದ್ದು, ಪುತ್ರೋತ್ಸವದ ಸಂತೋಷದಲ್ಲಿದ್ದ ದೊರೆಯು ಆ ದೇವರಿಗೆ ವಿಜಯಪಾರ್ಶ್ವದೇವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಗಂಡಸಿನ ಸ್ಮಾರಕವು ಹೀಗೆ ರಾಜ್ಯದ ಸಂಭ್ರಮದೊಳಗೆ ಕರಗಿತು. ಮನೆಯ ಹೆಂಗಸರ ಕಲ್ಲುಗಳು ಬೆಟ್ಟದ ಮೇಲೆ ತಮ್ಮಷ್ಟಕ್ಕೆ ಉಳಿದುವು.

ಬೊಪ್ಪನು ಬೆಳ್ಗೊಳವನ್ನು ಮರೆತನೆಂದು ಇದರಿಂದ ತಿಳಿಯಬಾರದು. ಎರಡು ವರ್ಷಗಳ ಮೇಲೆ, ೧೧೩೫ರಲ್ಲಿ, ದೊಡ್ಡಪ್ಪನ ಮಗನಾದ ಏಚದಂಡನಾಯಕನು ಸನ್ಯಸನದಿಂದ ತೀರಿಕೊಂಡಾಗ ಅವನ ನಿಷಿಧಿಯನ್ನು ನಿಲ್ಲಿಸಿದವನು ಬೊಪ್ಪನೇ. ಕೊಪಣದಲ್ಲಿಯೂ ಬೆಳ್ಗೊಳದಲ್ಲಿಯೂ ಬಸದಿಗಳನ್ನು ಮಾಡಿಸಿದವನೆಂದು ಏಚನಿಗೆ ಪ್ರಶಂಸೆ. ತಂದೆಗೆ ರಾಜಧಾನಿಯಲ್ಲಿ ಆಲಯ, ದಾಯಾದಿಯಾದ ಅಣ್ಣನಿಗೆ ಬೆಟ್ಟದ ನೆಲದಲ್ಲಿ ಕಲ್ಲು. ಬೆಟ್ಟದ ಕೆಳಗೆ, ಊರಿನಲ್ಲಿ, ಜಕ್ಕಿಕಟ್ಟೆಯೆಂಬ ಸಣ್ಣ ಕೆರೆಯೊಂದಿದೆ. ಅದನ್ನು ಕಟ್ಟಿಸಿದವಳು ಗಂಗರಾಜನ ಅತ್ತಿಗೆಯಾದ ಜಕ್ಕಣಬ್ಬೆ. ಆಕೆಯೂ ಶುಭಚಂದ್ರರ ಶಿಷ್ಯೆಯೇ. ಕೆರೆಯ ಬಳಿಯ ಬಂಡೆಯ ಮೇಲೆ ಜಿನಬಿಂಬಗಳೊಡನೆ ಆಕೆಯ ಶಾಸನವಿದೆ. ಮನೆತನದ ಹೆಸರುಗಳಲ್ಲಿ ಇದೊಂದು ಮಾತ್ರ ಊರವರ ದಿನಬಳಕೆಯ ಮಾತಿನಲ್ಲಿ ಸೇರಿಕೊಂಡು ಬಂದಿರುವುದು.